ಕಾಶಿಬಾಯಿ ಕಿತ್ತಿಟ್ಟ ಗಿಡಗಳು

ಬಸವಕಲ್ಯಾಣದ ಕಾಲೇಜೊಂದರಲ್ಲಿ ಹೋದ ತಿಂಗಳು ನನ್ನದೊಂದು ಉಪನ್ಯಾಸವಿತ್ತು. ವಿಷಯ, ಸಂಶೋಧನೆಯಲ್ಲಿ ಪ್ರಾಮಾಣಿಕತೆ. ನಮ್ಮ ಭಾಗದಲ್ಲಿ ಈ ವಿಷಯಕ್ಕೆ ಈಗ ನನ್ನನ್ನೇ ಕರೆಯುವ ರೂಢಿ. ಪ್ರಯೋಗದ ಅಂಕಿ ತಿದ್ದಿದವನಿಗೆ ಏನು ಮಾಡಬೇಕು, ದೂರು ಯಾರಿಗೆ ಕೊಡಬೇಕು, ವಿಚಾರಣೆ ಯಾರು ನಡೆಸಬೇಕು ಎಂಬ ಹಳೆಯ ನಿಯಮಗಳನ್ನು ಸುಧಾರಿಸಿ ಬರೆದ ಸಮಿತಿಯಲ್ಲಿ ನಾನಿದ್ದೆ. ಇದ್ದೆ ಅಂದರೆ ಸುಮ್ಮನೆ ಕುರ್ಚಿ ಬೆಚ್ಚಗೆ ಮಾಡಿಕೊಂಡು ಇದ್ದೆ ಅಂತಲ್ಲ, ಕರಡು ಬರೆದವನೇ ನಾನು. ಹಾಗಾಗಿ ಶಾಲು, ಹಾರ, ಒಂದು ಬುಟ್ಟಿ ಹಣ್ಣು ಎಲ್ಲ ಪದ್ಧತಿಯಂತೆ ಆಯಿತು.

ಸಭಾಂಗಣದ ಹಿಂದೆ ಊಟದ ಅಡಿಗೆ ನಡೆದಿತ್ತು. ನಾನು ಮಾತು ಶುರು ಮಾಡಿ ಐದು ನಿಮಿಷ ಆಗಿರಲಿಲ್ಲ, ಕಿಟಕಿಯಿಂದ ಹೊಗೆ ಒಳಗೆ ಬಂತು. ತೊಗರಿ ಕಟ್ಟಿಗೆಯ ಹೊಗೆ. ನಮ್ಮ ಸೀಮೆಯವರು ಅದನ್ನು ಕಣ್ಣು ಮುಚ್ಚಿ ಗುರುತಿಸುತ್ತಾರೆ, ಮೂಗಿಗೆ ಸ್ವಲ್ಪ ಸಿಹಿ, ಗಂಟಲಿಗೆ ಖಾರ. ನನಗೆ ಕೆಮ್ಮು ಹತ್ತಿತು. ಪ್ರಾಂಶುಪಾಲರು ಗಾಬರಿಯಾಗಿ ಓಡಿ ಹೋಗಿ ಕಿಟಕಿ ಹಾಕಿಸಿದರು. ನೀರು ಕುಡಿದು ಮಾತು ಮುಂದುವರಿಸಿದೆ, ಕೊನೆಗೆ ಚಪ್ಪಾಳೆಯೂ ಜೋರಾಗಿಯೇ ಬಿತ್ತು. ಏನು ಮಾತಾಡಿದೆ ಎಂದು ಕೇಳಿದರೆ ಮಾತ್ರ ಹೇಳಲಾರೆ. ಬಾಯಿ ಅದರ ಪಾಡಿಗೆ ಅದು ಪಾಠ ಒಪ್ಪಿಸುತ್ತಿತ್ತು, ನಾನು ತೊಂಬತ್ತರ ದಶಕದ ಕೊನೆಯ ಒಂದು ತೊಗರಿ ಹಂಗಾಮಿನಲ್ಲಿ ನಿಂತಿದ್ದೆ.

ಆಗ ನನಗೆ ಇಪ್ಪತ್ತಾರು ವರ್ಷ. ಬಸವಕಲ್ಯಾಣದಲ್ಲಿ ಅಪ್ಪನ ಬಟ್ಟೆ ಅಂಗಡಿ. ಅಪ್ಪ ಗಿರಾಕಿಗಳ ಮುಂದೆ ಸೀರೆ ಹರವುತ್ತ, “ನಮ್ಮ ಶಿವರಾಜ ಡಾಕ್ಟರ್ ಆಗಾಕತ್ತಾನ್ರಿ. ಸೂಜಿ ಚುಚ್ಚೋ ಡಾಕ್ಟರ್ ಅಲ್ಲ, ಅದಕ್ಕಿಂತ ದೊಡ್ಡ ಡಾಕ್ಟರ್” ಅನ್ನುತ್ತಿದ್ದ. ಆ ದೊಡ್ಡ ಡಾಕ್ಟರ್ ಹುಮನಾಬಾದಿನ ಹೊರಗೆ, ಕೆಂಪು ಮಣ್ಣು ಮುಗಿದು ಎರೆ ಹೊಲ ಶುರುವಾಗುವ ಕಡೆ, ಒಂದು ಸಣ್ಣ ಸಂಶೋಧನಾ ಕ್ಷೇತ್ರದಲ್ಲಿ ತಲೆಗೆ ಟವೆಲ್ ಸುತ್ತಿಕೊಂಡು ತೊಗರಿ ಗಿಡ ಎಣಿಸುತ್ತಿದ್ದ. ಈಗ ಆ ಕ್ಷೇತ್ರವಿಲ್ಲ. ಕಲ್ಲು ನೆಟ್ಟು ಮನೆ ನಿವೇಶನ ಮಾಡಿ ಮಾರಿದ್ದಾರೆ.

ತೊಗರಿಗೆ ನೆಟೆ ರೋಗ ಅಂತ ಒಂದಿದೆ. ಗಿಡ ಎದೆಯೆತ್ತರ ಬೆಳೆಯುತ್ತದೆ, ಹೂ ಬಿಡುತ್ತದೆ, ರೈತ ಹಿಗ್ಗುತ್ತಾನೆ. ಆಮೇಲೆ ಒಂದು ವಾರದಲ್ಲಿ ನಿಂತ ನಿಲುವಿನಲ್ಲೇ ಒಣಗುತ್ತದೆ. ಕಾಂಡ ಸೀಳಿ ನೋಡಿದರೆ ಒಳಗೆ ಬೇರಿನಿಂದ ಮೇಲಕ್ಕೆ ಕಪ್ಪು ಗೆರೆ ಹತ್ತಿರುತ್ತದೆ. ರೋಗ ಮಣ್ಣಿನಲ್ಲೇ ಇರುವುದರಿಂದ ಔಷಧಿ ಹೊಡೆದರೂ ಪ್ರಯೋಜನ ಕಡಿಮೆ, ತಡೆದುಕೊಳ್ಳುವ ತಳಿಯೇ ಬೇಕು. ನಮ್ಮ ಕ್ಷೇತ್ರದಲ್ಲಿ ಒಂದು ತುಂಡು ಹೊಲವನ್ನು ಬೇಕೆಂದೇ ರೋಗದಲ್ಲಿ ಇಟ್ಟಿದ್ದೆವು. ಪ್ರತಿವರ್ಷ ಸತ್ತ ಗಿಡದ ಬೇರು, ಬುಡ ಅದೇ ಮಣ್ಣಿಗೆ ಸೇರಿಸಿ ರೋಗವನ್ನು ಸಾಕುವುದು. ಅದರೊಳಗೆ ಬೇರೆ ಬೇರೆ ತಳಿ ಸಾಲಾಗಿ ಬಿತ್ತಿ, ಯಾವುದು ಎಷ್ಟು ಸತ್ತಿತು ಎಂದು ಎಣಿಸುವುದು. ಕಡಿಮೆ ಸತ್ತದ್ದೇ ಒಳ್ಳೆಯ ತಳಿ. ಇಷ್ಟೇ ವಿಜ್ಞಾನ, ಉಳಿದದ್ದೆಲ್ಲ ಎಣಿಸುವವನ ನಿಯತ್ತು.

ಕ್ಷೇತ್ರದ ಮುಖ್ಯಸ್ಥರು ಜಾಗೀರದಾರ ಸಾಹೇಬರು. ನನ್ನ ಪ್ರಬಂಧದ ಮಾರ್ಗದರ್ಶಕರೂ ಅವರೇ. ಒಳ್ಳೆಯ ಮಾತುಗಾರ, ಇಸ್ತ್ರಿ ಮುರಿಯದ ಅಂಗಿ, ಕೂಲಿ ಹೆಂಗಸರ ಮಕ್ಕಳ ಹೆಸರನ್ನೂ ನೆನಪಿಟ್ಟು ಕೇಳುವವರು. ಎಂಟು ವರ್ಷ ಬೆವರು ಸುರಿಸಿ ಒಂದು ತಳಿ ಮಾಡಿದ್ದರು. ರೋಗದ ಹೊಲದಲ್ಲಿ ಅದಕ್ಕೆ ಅದು ಕೊನೆಯ ವರ್ಷದ ಪರೀಕ್ಷೆ. ಪಾಸಾದರೆ ತಳಿ ಬಿಡುಗಡೆ, ಸಾಹೇಬರಿಗೆ ಬಡ್ತಿ, ನನಗೆ ಡಾಕ್ಟರೇಟ್. ಪಾಸಾಗುತ್ತದೆ ಎಂಬ ಧೈರ್ಯದ ಮೇಲೆ ಆ ಜೂನಿನಲ್ಲೇ ಮುಡಬಿ, ಮೋರಖಂಡಿ ಕಡೆಯ ಕೆಲವು ರೈತರಿಗೆ ಅದೇ ಬೀಜದ ಚೀಲಗಳನ್ನು ಹಂಚಿ, ನಿಮ್ಮ ಹೊಲದಲ್ಲೂ ಹಾಕಿ ನೋಡಿ ಎಂದಿದ್ದರು.

ರೋಗದ ಹೊಲದ ಕೆಲಸವೆಲ್ಲ ಕಾಶಿಬಾಯಿಯದು. ನಿರ್ಣಾದವಳು, ಐವತ್ತರ ಹತ್ತಿರದ ಹೆಂಗಸು. ತವರಲ್ಲೂ ಗಂಡನ ಮನೆಯಲ್ಲೂ ಕುರಿ ಕಾಯುವವರೇ. ಗಂಡ ಸತ್ತ ಮೇಲೆ ಹಿಂಡು ಮೈದುನಂದಿರ ಪಾಲಾಗಿ ಇವಳು ಕೂಲಿಗೆ ಬಂದಿದ್ದಳು. ಹದಿನಾಲ್ಕು ವರ್ಷದಿಂದ ನಮ್ಮಲ್ಲೇ ದಿನಗೂಲಿ. ಆ ವರ್ಷ ಹಳೆಯ ದಿನಗೂಲಿಯವರನ್ನು ಕಾಯಂ ಮಾಡುವ ಪಟ್ಟಿ ಹೊರಡುವುದಿತ್ತು, ನಮ್ಮ ಕ್ಷೇತ್ರದಿಂದ ಹೋದದ್ದು ಇವಳೊಬ್ಬಳ ಹೆಸರು. ಕಾಯಂ ಆದವರು ಹಾಜರಿ ಪುಸ್ತಕದಲ್ಲಿ ಹೆಬ್ಬೆಟ್ಟು ಒತ್ತುವಂತಿಲ್ಲ, ಸಹಿ ಮಾಡಬೇಕು ಎಂದು ಯಾರೋ ಅವಳ ತಲೆಯಲ್ಲಿ ತುಂಬಿದ್ದರು. ಅದು ಸುಳ್ಳು. ಆದರೆ ಅವಳ ಹುರುಪು ನೋಡಿ ನಾನು ಸುಳ್ಳೆನ್ನಲಿಲ್ಲ.

“ಸಣ್ಣ ಸಾಹೇಬ್ರ, ನನಗ ದಸ್ಕತ್ ಕಲಿಸ್ರಿ,” ಎಂದು ಜುಲೈನಲ್ಲಿ ಗಂಟು ಬಿದ್ದಳು. “ಕಾಯಂ ಆದ ದಿನ ಹೆಬ್ಬಟ್ಟು ಚಾಚಿದ್ರ ಮಂದಿ ನಗತಾರ.”

ಹೀಗೆ ಊಟದ ಹೊತ್ತಿನಲ್ಲಿ, ಬೇವಿನ ಗಿಡದ ಕೆಳಗೆ, ಮಣ್ಣಿನ ಮೇಲೆ ಕಡ್ಡಿಯಿಂದ ಪಾಠ ನಡೆಯಿತು. ನಾಲ್ಕೇ ಅಕ್ಷರ. ಕಾ ಬಂತು, ಬಾ ಬಂತು, ಯಿ ಕೂಡ ಹೆಣಗಾಡಿ ಬಂತು. ಶಿ ಮಾತ್ರ ಗಣಪತಿ ಹಬ್ಬದವರೆಗೂ ಅವಳ ಕೈಗೆ ಬಗ್ಗಲಿಲ್ಲ. “ಇದೊಂದು ಅಕ್ಷರ ನನ್ನ ನಾದಿನಿ ಇದ್ದಂಗ ಅದ ನೋಡ್ರಿ, ಹ್ಯಾಂಗ ಹಿಡಿದ್ರೂ ಸೊಟ್ಟ” ಎಂದು ಉಳಿದ ಹೆಂಗಸರನ್ನೆಲ್ಲ ನಗಿಸಿದಳು. ನನ್ನ ಜೀವನದಲ್ಲಿ ನಾನು ಯಾರಿಗಾದರೂ ಏನಾದರೂ ಕಲಿಸಿದ್ದು ಮೊದಲು ಅದೇ, ಮನಸ್ಸಿಟ್ಟು ಕಲಿಸಿದ್ದು ಬಹುಶಃ ಕೊನೆಗೂ ಅದೇ.

ಆ ವರ್ಷ ಮಳೆ ಹೇಳಿ ಕಳಿಸಿದಂತೆ ಬಂತು. ಗಣಪತಿ ಹಬ್ಬದ ಸುಮಾರಿಗೆ ಎಂಟು ದಿನ ಬಿಡದೆ ಹೊಡೆದು ಎರೆ ಹೊಲ ಮೊಣಕಾಲಿಗೆ ಹತ್ತಿತು. ಆಮೇಲೆ ಮಳೆ ನಿಂತು ಹೊರಪು, ಎಳೆ ಚಳಿ. ದಸರೆ ಮುಗಿಯುವ ಹೊತ್ತಿಗೆ ರೋಗದ ಹೊಲ ಹಳದಿ ಹೂ ಹೊತ್ತು ನಿಂತಿತ್ತು, ಸಾಲುಗಳ ನಡುವೆ ಒಣಗುವುದೂ ಶುರುವಾಗಿತ್ತು. ಅದೇ ಹೊತ್ತಿಗೆ ನಾನು ಜ್ವರ ಬಂದು ಹದಿನೈದು ದಿನ ಬಸವಕಲ್ಯಾಣದ ಮನೆಯಲ್ಲಿ ಮಲಗಿದೆ. ಸಾಹೇಬರು ಬೆಂಗಳೂರಿಗೆ ಸಭೆಗೆ ಹೋಗಿದ್ದರು. ಹೊಲ ಕಾಶಿಬಾಯಿಯ ಕೈಯಲ್ಲಿತ್ತು.

ತಿರುಗಿ ಬಂದು ನೋಡಿದರೆ ನನ್ನ ಜೀವ ಹಾರಿತು. ಒಂದೆರಡು ಬಿಟ್ಟರೆ ಸಾಲಿನಲ್ಲಿ ಸತ್ತ ಗಿಡಗಳೇ ಇಲ್ಲ. ಎಲ್ಲಿ ನೋಡಿದರೂ ಖಾಲಿ ಜಾಗ. ಸತ್ತ ಗಿಡ ನಿಂತಿದ್ದಲ್ಲೇ ನಿಂತಿರಬೇಕು, ಎಣಿಸುವವರೆಗೂ ಯಾರೂ ಮುಟ್ಟಬಾರದು, ಇದು ಮೊದಲ ಪಾಠ. ಪ್ರತಿವರ್ಷ ನಾವೇ ಹದಿನೈದು ದಿನಕ್ಕೊಮ್ಮೆ ಎಣಿಸಿ ಕೀಳಿಸುತ್ತಿದ್ದುದರಿಂದ ಅವಳಿಗೆ ಅದನ್ನು ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ.

“ಏನ್ ಮಾಡಿದ್ಯವ್ವ ಇದು? ಯಾಕ ಕಿತ್ತಿ?” ಎಂದು ಚೀರಿದೆ.

ಅವಳಿಗೆ ನನ್ನ ಗಾಬರಿಯೇ ಅರ್ಥವಾಗಲಿಲ್ಲ. “ಬ್ಯಾನಿ ಬಂದ ಕುರಿ ಹಿಂಡಿನಾಗ ಬಿಡತಾರೇನ್ರಿ? ಒಂದ್ರಿಂದ ಒಂದಕ್ಕ ಹತ್ತತದ. ನೀವಿಬ್ಬರೂ ಇರಲಿಲ್ಲ, ನಾನ ಆರಿಸಿ ಹೊರಗ ಹಾಕಿದ್ನಿ.” ಆಮೇಲೆ ನನ್ನ ಮುಖ ನೋಡಿ, “ಹೆದರಬ್ಯಾಡ್ರಿ, ಒಂದೂ ಒಗದಿಲ್ಲ. ಬರ್ರಿ, ತೋರಸ್ತೀನಿ” ಎಂದು ಬದುವಿನ ಕಡೆ ಕರೆದುಕೊಂಡು ಹೋದಳು.

ಬದುವಿನ ಮೇಲೆ ಸಾಲಾಗಿ ಕಟ್ಟುಗಳಿದ್ದವು. ಒಂದೊಂದು ಸಾಲಿನಿಂದ ಕಿತ್ತ ಗಿಡಗಳದ್ದು ಒಂದೊಂದು ಕಟ್ಟು. ಕಟ್ಟಿಗೆ ಒಂದು ಬಣ್ಣದ ಚಿಂದಿ, ಆ ಸಾಲಿನ ಗೂಟಕ್ಕೂ ಅದೇ ಬಣ್ಣದ ಚಿಂದಿ. ಬಣ್ಣ ಸಾಲದೆ ಬಂದಲ್ಲಿ ಗಂಟು: ಕೆಂಪು ಒಂದು ಗಂಟು, ಕೆಂಪು ಎರಡು ಗಂಟು. ಹಳೆಯ ಹರಕು ಸೀರೆಗಳನ್ನೆಲ್ಲ ಹರಿದು ತಂದಿದ್ದಳು. ಇದನ್ನು ಯಾರು ಹೇಳಿಕೊಟ್ಟರು ಎಂದೆ.

“ಯಾರು ಕಲಿಸಬೇಕ್ರಿ? ಮಂದಿ ಕುರಿನೂ ಕಾಯೋರು ನಾವು. ಕುರಿ ಸತ್ರ ಅದರ ಕಿವಿ ಕೊಯ್ದು ಇಟಗೋಬೇಕು, ಮಾಲಕಗ ತೋರಸಬೇಕು. ಇಲ್ಲಂದ್ರ ಅವ ಮಾರ್ಕೊಂಡಾರ ಅಂತಾನ. ಇವು ನಿಮ್ಮ ಕುರಿ ಕಿವಿ ಅಂತ ತಿಳಕೋರಿ.”

ನಾನು ಬದುವಿನ ಮೇಲೆ ಕುಳಿತುಬಿಟ್ಟೆ. ಅಷ್ಟು ಹಗುರವಾಯಿತು. ತಪ್ಪು ಮಾಡಿದ್ದಳು, ಆದರೆ ತಪ್ಪಿನ ಒಂದು ಕಾಳನ್ನೂ ಕಳೆದಿರಲಿಲ್ಲ. ಇಡೀ ದಿನ ಇಬ್ಬರೂ ಕೂತು ಕಟ್ಟು ಬಿಚ್ಚಿ ಎಣಿಸಿದೆವು. ಅವಳು ಕಾಂಡ ಸೀಳಿ ಕಪ್ಪು ಗೆರೆ ತೋರಿಸುವುದು, ನಾನು ಪೆನ್ಸಿಲಿನಲ್ಲಿ ಹೊಲದ ಪುಸ್ತಕಕ್ಕೆ ಬರೆಯುವುದು. ಸಾಹೇಬರ ತಳಿಗೆ ಆರು ಸಾಲು, ಸಾಲಿಗೆ ನಲವತ್ತು ಗಿಡ. ಒಂದು ಸಾಲನ್ನು ಹೇಳಿದರೆ ಸಾಕು, ಉಳಿದವೂ ಹಾಗೇ. ನಲವತ್ತರಲ್ಲಿ ಹತ್ತೊಂಬತ್ತು ಬದುವಿನ ಮೇಲಿದ್ದವು. ನಿಂತ ಇಪ್ಪತ್ತೊಂದರಲ್ಲಿ ಎರಡು ಹೊಸದಾಗಿ ಒಣಗಿದ್ದವು. ಅಂದರೆ ಅರ್ಧಕ್ಕಿಂತ ಹೆಚ್ಚು ಸತ್ತಂತಾಯಿತು. ಪಕ್ಕದ ಹಳೆಯ ನಾಟಿ ತಳಿಯದ್ದೂ ಹೆಚ್ಚುಕಡಿಮೆ ಅಷ್ಟೇ. ಎಂಟು ವರ್ಷದ ತಳಿ ಯಾರ ಹೊಲದಲ್ಲೂ ನಿಲ್ಲುವಂಥದ್ದಲ್ಲ.

ಸಾಹೇಬರು ಮರುದಿನ ಬಂದರು. ಪುಸ್ತಕ ನೋಡಿದರು, ಬದುವಿಗೆ ಹೋಗಿ ಕಟ್ಟುಗಳನ್ನೂ ನೋಡಿದರು. ನನಗೆ ಅವರ ಮೇಲೆ ನಿಜವಾಗಿ ಮರುಕ ಬಂತು. ಆಮೇಲೆ ಆಫೀಸಿಗೆ ಕರೆದು, ತಾವೇ ಫ್ಲಾಸ್ಕಿನಿಂದ ಚಹಾ ಸುರಿದು ಕೊಟ್ಟು, ಮೆತ್ತಗೆ ಕೇಳಿದರು.

“ಶಿವರಾಜ, ಸಾಲಿನ್ಯಾಗ ಇಲ್ಲದ ಗಿಡ, ಸತ್ತ ಗಿಡ ಹ್ಯಾಂಗ ಆಗತದ?”

“ಬದುವಿನ ಮ್ಯಾಲ ಅವ ಅಲ್ರಿ ಸರ್.”

“ಅವು ಯಾವ ಸಾಲಿಂದು ಅಂತ ನೀ ನೋಡಿಯೇನು? ಕೂಲಿ ಹೆಂಗಸು ಚಿಂದಿ ಕಟ್ಯಾಳ, ನೀ ನಂಬೀದಿ. ಸೈನ್ಸ್ ಅಂದ್ರ ಕಣ್ಣಿಗೆ ಕಂಡಿದ್ದು. ನಿಂತಿದ್ದು ಎಣಸು. ಇಪ್ಪತ್ತೊಂದರಾಗ ಎರಡು. ಅಷ್ಟ ಬರಿ.”

“ಪಕ್ಕದ ಹಳೇ ತಳಿದು, ಸರ್? ಅದಕ್ಕೂ ನಿಂತಿದ್ದಷ್ಟ ಎಣಸ್ಲೇನ್ರಿ?”

ಸಾಹೇಬರು ನನ್ನನ್ನೇ ನೋಡಿ ನಕ್ಕರು. “ಅದಕ್ಕ ಕಟ್ಟೂ ಸೇರಿಸು. ಅದು ಸಾಯೂ ತಳಿ ಅಂತ ಜಗತ್ತಿಗೇ ಗೊತ್ತದ.”

ನಾನು ಹೇಡಿಯಂತೆ ತಡವರಿಸಿದೆ, ಗಂಟಲು ಕಟ್ಟಿತು ಎಂದೆಲ್ಲ ಬರೆಯಬಹುದು. ಹಾಗೇನೂ ಆಗಲಿಲ್ಲ. ಚಹಾ ಪೂರ್ತಿ ಕುಡಿದೆ. ಹೊಸ ಪುಸ್ತಕ ತೆಗೆದು, ಜೂನಿನಿಂದ ಅಲ್ಲಿಯವರೆಗಿನ ಎಲ್ಲವನ್ನೂ ಶಾಯಿಯಲ್ಲಿ, ಚೆಂದ ಅಕ್ಷರದಲ್ಲಿ ಪ್ರತಿ ಮಾಡಿದೆ. ನಡುನಡುವೆ ನಿಜ ಕಾಣಲಿ ಎಂದು ಒಂದೆರಡು ಕಡೆ ಬೇಕೆಂದೇ ತಪ್ಪು ಬರೆದು ಕಾಟು ಹೊಡೆದೆ. ಆ ಉಪಾಯ ನನ್ನದೇ. ಸಾಹೇಬರು ಹೇಳಿಕೊಟ್ಟದ್ದಲ್ಲ. ಮುಗಿದ ಮೇಲೆ ಹಳೆಯ ಪೆನ್ಸಿಲಿನ ಪುಸ್ತಕವನ್ನು ಅವರು ಇಸಿದುಕೊಂಡು, ಎರಡು ಹಾಳೆ ಹರಿದು ಜೇಬಿಗೆ ಹಾಕಿಕೊಂಡು, ಉಳಿದದ್ದನ್ನು ನನಗೇ ಕೊಟ್ಟರು. ಸರಕಾರದ ಪುಸ್ತಕ, ಹಾಳು ಮಾಡಬಾರದು ಅಂದರು.

ದೀಪಾವಳಿ ಆದ ಮೇಲೆ ಕ್ಷೇತ್ರೋತ್ಸವ ಇತ್ತು. ಸುತ್ತಲಿನ ರೈತರನ್ನು ಕರೆದು ತಳಿ ತೋರಿಸಿ ಊಟ ಹಾಕುವ ದಿನ. ಹಿಂದಿನ ಸಂಜೆ ಸಾಹೇಬರು ಹೊಲ ಸುತ್ತಿ ಬಂದು, “ಬದುವಿನ ಮ್ಯಾಲ ಕಸ ಭಾಳ ಬಿದ್ದದಲ್ಲ” ಎಂದಷ್ಟೇ ಹೇಳಿ ಜೀಪು ಹತ್ತಿದರು. ಬೆಳಿಗ್ಗೆ ಅಡಿಗೆಯವನು ಕಟ್ಟಿಗೆ ಹಸಿ ಇದೆ, ಹತ್ತುತ್ತಿಲ್ಲ ಎಂದು ಗೊಣಗಿದಾಗ ನಾನೇ ಕಾಶಿಬಾಯಿಯನ್ನು ಕೂಗಿದೆ. ಬದುವಿನ ಕಟ್ಟುಗಳನ್ನು ಒಲೆಗೆ ತಂದು ಹಾಕಲು ಹೇಳಿದೆ.

ಅವಳು ನಿಂತಲ್ಲೇ ನಿಂತಳು. “ಎಣಿಸಿ ಬರಕೊಂಡದ್ದು ಮುಗೀತೇನ್ರಿ ಸಣ್ಣ ಸಾಹೇಬ್ರ? ದೊಡ್ಡ ಸಾಹೇಬ್ರು ನೋಡ್ಯಾರ?”

“ಮುಗೀತು. ಎಲ್ಲಾ ಬರದೀನಿ.”

“ಹಂಗಾರ ಆತು ಬಿಡ್ರಿ,” ಎಂದು ಹೊತ್ತು ತಂದಳು. ಒಲೆಯ ಮುಂದೆ ಕುಳಿತು ಒಂದೊಂದೇ ಕಟ್ಟಿನ ಚಿಂದಿ ಬಿಚ್ಚಿ, ಮುಂದಿನ ವರ್ಷಕ್ಕೆ ಬೇಕಾಗುತ್ತವೆ ಎಂದು ಸುತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡಳು. ಇನ್ನೂರು ಜನಕ್ಕೆ ಹುಗ್ಗಿ, ಅನ್ನ, ಸಾರು ಅದರ ಮೇಲೆಯೇ ಬೆಂದವು. ಒಣಗಿದ ಗಿಡ, ಭರ್ರೆಂದು ಉರಿಯಿತು. ಸಾಹೇಬರು ಮೈಕಿನಲ್ಲಿ ನೆಟೆಯನ್ನು ಗೆದ್ದ ತಳಿಯ ಕಥೆ ಹೇಳುತ್ತಿದ್ದರು. ನಾನು ಎರಡು ಸಲ ಹುಗ್ಗಿ ಹಾಕಿಸಿಕೊಂಡೆ.

ಮೂರು ವಾರ ಕಳೆದಿರಬೇಕು. ಮುಡಬಿಯ ಗುರಪ್ಪ ಎಂಬ ರೈತ ಇನ್ನೂ ಏಳೆಂಟು ಜನರೊಂದಿಗೆ ಟ್ರ್ಯಾಕ್ಟರ್ ತೆಗೆದುಕೊಂಡು ಬಂದ. ಒಳ್ಳೆಯ ಜಮೀನುದಾರ, ಸಾಹೇಬರ ಮಾತಿಗೆ ಬೆಲೆ ಕೊಟ್ಟು ಇದ್ದುದರಲ್ಲೇ ಒಳ್ಳೆಯ ಹೊಲಕ್ಕೆ ಈ ಬೀಜ ಹಾಕಿದ್ದವನು. ಟ್ರಾಲಿ ತುಂಬ ಒಣಗಿದ ತೊಗರಿ. ಆಫೀಸಿನ ಮುಂದೆ ಸುರಿದು, ಒಂದು ಗಿಡ ಎತ್ತಿ ಕೊಯ್ತಾದಿಂದ ಉದ್ದಕ್ಕೆ ಸೀಳಿ ಸಾಹೇಬರ ಮೇಜಿನ ಮೇಲಿಟ್ಟ.

“ಇದೇನ್ರಿ ಇದು? ನಿಮ್ಮ ಗೆದ್ದ ತಳಿ ಇದ ಏನು? ನಿಮ್ಮ ಹೊಲದಾಗ ಸಾಯೂದಿಲ್ಲ, ನಮ್ಮ ಹೊಲದಾಗ ಸಾಯ್ತದ. ಅದಕ್ಕ ಜಾತಿ ಗೊತ್ತಾಗತದೇನು?”

ಸಾಹೇಬರು ಅವನನ್ನು ಕೂಡಿಸಿ, ನೀರು ಕೊಟ್ಟು, ಸಮಾಧಾನ ಮಾಡಿ ಕಳಿಸಿದರು. ಗುರಪ್ಪ ಸಮಾಧಾನವಾಗುವ ಗಿರಾಕಿಯಲ್ಲ. ಮೇಲಿನವರಿಗೆ ದೂರು ಬರೆದ. ನಿಮ್ಮ ಎಣಿಕೆಯೇ ಸುಳ್ಳು ಎಂದು ಅದರಲ್ಲಿ ನೇರವಾಗಿ ಬರೆದಿದ್ದ.

ವಿಚಾರಣೆಗೆ ಮೂರು ಜನರ ಸಮಿತಿಯಾಯಿತು. ಅಧ್ಯಕ್ಷರು ಸಾಹೇಬರ ಹಾಸ್ಟೆಲಿನ ಜೊತೆಗಾರರು. ಕ್ಷೇತ್ರದ ವಿಚಾರಣೆಯಾದರೆ ಕ್ಷೇತ್ರದ ಮುಖ್ಯಸ್ಥರೇ ಅದರ ಸಂಚಾಲಕರಾಗಬೇಕು ಎಂದು ಆಗಿನ ನಿಯಮ, ಆದ್ದರಿಂದ ಸಂಚಾಲಕರು ಸ್ವತಃ ಸಾಹೇಬರು. ತಮ್ಮ ಮೇಲಿನ ದೂರಿನ ವಿಚಾರಣೆಗೆ ತಾವೇ ಜೀಪು, ಊಟ, ಕುರ್ಚಿ ಎಲ್ಲ ಏರ್ಪಾಡು ಮಾಡಿದರು. ಹಿಂದಿನ ದಿನ ನನ್ನನ್ನು ಕರೆದರು.

“ಎರಡು ದಾರಿ ಅವ, ಶಿವರಾಜ. ಒಂದರಾಗ ನಾನೂ ಹೋಗತೀನಿ, ನೀನೂ ಹೋಗತೀ. ಪುಸ್ತಕದಾಗ ಅಕ್ಷರ ನಿಂದ ಅದ, ಮರೀಬ್ಯಾಡ. ಇನ್ನೊಂದರಾಗ ಯಾರಿಗೂ ಏನೂ ಆಗೂದಿಲ್ಲ. ಆಕಿ ಕಿತ್ತಿದ್ದಂತೂ ಖರೇ ಅದ. ನಮಗ ಗೊತ್ತಿರಲಿಲ್ಲ ಅಂದ್ರ ಮುಗೀತು.”

“ಆಕಿ ಕಾಯಂ ಪಟ್ಟಿಯೊಳಗ ಇದಾಳ್ರಿ ಸರ್.”

“ಅದಕ್ಕೇನಾಗತದ? ತಿಳೀಲಾರದ ಹೆಂಗಸು ಅಂತ ಬಿಡತಾರ.”

ಬಿಡುವುದಿಲ್ಲ ಎಂದು ಅವರಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

ಸಮಿತಿ ಬಂದ ದಿನ ಎಳ್ಳ ಅಮಾವಾಸ್ಯೆ. ನಮ್ಮ ಕಡೆ ಅಂದು ಊರಿನಲ್ಲಿ ಒಲೆ ಹತ್ತಿಸಿ ಮನೆಯಲ್ಲಿ ಕೂರುವವರಿಲ್ಲ, ಬುತ್ತಿ ಕಟ್ಟಿಕೊಂಡು ಎಲ್ಲರೂ ಹೊಲಕ್ಕೆ. ಹೊಲದಲ್ಲಿ ಅಂದು ಯಾರೇ ಕಣ್ಣಿಗೆ ಬಿದ್ದರೂ ಉಣ್ಣಿಸದೆ ಕಳಿಸುವುದಿಲ್ಲ. ಕಾಶಿಬಾಯಿಗೆ ಸ್ವಂತ ಹೊಲವಿರಲಿಲ್ಲ. ಹದಿನಾಲ್ಕು ವರ್ಷದಿಂದ ಅವಳ ಅಮಾವಾಸ್ಯೆ ನಮ್ಮ ಕ್ಷೇತ್ರದಲ್ಲೇ. ತಲೆಯ ಮೇಲೆ ಬುಟ್ಟಿ ಹೊತ್ತು ಬಂದವಳು ಸಾಹೇಬರುಗಳನ್ನು ನೋಡಿ ಇನ್ನಷ್ಟು ಸಂಭ್ರಮಪಟ್ಟಳು. ಬೇವಿನ ಕೆಳಗೆ ಕೂಡಿಸಿ ಸಜ್ಜೆ ರೊಟ್ಟಿ, ಭಜ್ಜಿ ಪಲ್ಯ, ಅಂಬಲಿ ಬಡಿಸಿದಳು. ಅಧ್ಯಕ್ಷರು ಭಜ್ಜಿಯನ್ನು ಮತ್ತೆ ಮತ್ತೆ ಹಾಕಿಸಿಕೊಂಡು, ಇಂಥದ್ದು ಉಂಡು ಎಷ್ಟು ವರ್ಷವಾಯಿತೋ ಎಂದರು. ಅವರು ಕೈ ತೊಳೆದ ಮೇಲೆ ಅದೇ ಗಿಡದ ಕೆಳಗೆ ಮೇಜು ಹಾಕಿ ಅವಳ ವಿಚಾರಣೆ ಶುರುವಾಯಿತು.

“ರೋಗದ ಹೊಲದಾಗ ಸತ್ತ ಗಿಡ ಕಿತ್ತಿದ್ದು ನೀನೇ ಏನಮ್ಮ?”

“ಹೌದ್ರಿ, ನಾನ ಕಿತ್ತೀನ್ರಿ.” ಅವಳಿಗೆ ಮುಚ್ಚಿಡುವುದೇನಿತ್ತು? ನನ್ನ ಕಡೆ ನೋಡಿ, “ಸಣ್ಣ ಸಾಹೇಬ್ರಿಗಿ ಎಲ್ಲಾ ಮಾಲೂಮ್ ಅದ್ರಿ” ಎಂದಳು.

ಅಧ್ಯಕ್ಷರು ನನ್ನನ್ನು ನೋಡಿದರು. ನಾನು, “ಈಗ ಗೊತ್ತಾಗಿದೆ ಸರ್” ಎಂದೆ. ಆ ‘ಈಗ’ ಅವಳಿಗೆ ತಿಳಿಯಲಿಲ್ಲ. ಸಮಿತಿಯವರು ಇನ್ನೂ ಏನಾದರೂ ಕೇಳಬಹುದಿತ್ತು. ಕಿತ್ತದ್ದು ನಿಜವಾದರೆ ಪಕ್ಕದ ಹಳೆಯ ತಳಿಯಲ್ಲಿ ಸತ್ತ ಗಿಡ ಪುಸ್ತಕಕ್ಕೆ ಹೇಗೆ ಬಂದವು, ಈ ಹೆಂಗಸು ಸಾಹೇಬರ ಆರು ಸಾಲು ಮಾತ್ರ ಆರಿಸಿ ಕಿತ್ತಳೇ, ಇಷ್ಟು ಕೇಳಿದ್ದರೆ ನಾವಿಬ್ಬರೂ ಅಲ್ಲೇ ಮುಗಿಯುತ್ತಿದ್ದೆವು. ಯಾರೂ ಕೇಳಲಿಲ್ಲ. ಹೊಟ್ಟೆ ತುಂಬಿತ್ತು, ಹೊತ್ತಾಗಿತ್ತು.

ಅವಳ ಹೇಳಿಕೆ ಬರೆಯುವ ಕೆಲಸ ನನಗೆ ಬಿತ್ತು. ಅಕ್ಷರ ಚೆಂದ ಇದೆಯಲ್ಲ. “ಪ್ರಯೋಗದ ತಾಕಿನಲ್ಲಿ ರೋಗದಿಂದ ಸತ್ತ ಗಿಡಗಳನ್ನು ನನ್ನ ಅಜಾಗರೂಕತೆಯಿಂದ, ಯಾರಿಗೂ ತಿಳಿಸದೆ ಕಿತ್ತು ನಾಶ ಮಾಡಿರುತ್ತೇನೆ” ಎಂದು ಬರೆದೆ. ಯಾರಿಗೂ ತಿಳಿಸದೆ ಎಂಬ ಎರಡು ಶಬ್ದ ಸಾಹೇಬರು ಹೇಳಿದ್ದಲ್ಲ, ಸಮಿತಿ ಕೇಳಿದ್ದಲ್ಲ. ಅವು ನನ್ನವು. ಅವಿಲ್ಲದೆ ನಾನು ಉಳಿಯುವಂತಿರಲಿಲ್ಲ. ಅವಳಿಗೆ ಓದಿ ಹೇಳುವಾಗ ಮಾತ್ರ, “ಸತ್ತ ಗಿಡ ನಾನ ಕಿತ್ತೀನಿ ಅಂತ ಬರದದ ನೋಡವ್ವ” ಎಂದೆ.

“ಖರೇ ಅದಲ್ರಿ,” ಎಂದಳು. ಅಧ್ಯಕ್ಷರು ಶಾಯಿಯ ದಿಂಬು ಮುಂದೆ ದೂಡಿದರು. ಅವಳು ಅದನ್ನು ಕೈಯಿಂದ ಪಕ್ಕಕ್ಕೆ ಸರಿಸಿ, ಸೆರಗಿಗೆ ಕೈ ಒರೆಸಿಕೊಂಡು, “ಪೆನ್ ಕೊಡ್ರಿ. ನನಗ ದಸ್ಕತ್ ಬರತದ” ಎಂದಳು. ಎಲ್ಲರೂ ನೋಡುತ್ತಿದ್ದಂತೆ ನಾಲಿಗೆ ಹಲ್ಲಿನಲ್ಲಿ ಕಚ್ಚಿಕೊಂಡು ನಾಲ್ಕು ಅಕ್ಷರ ಬರೆದಳು. ಶಿ ಸೊಟ್ಟವಾಗಲಿಲ್ಲ. ಅಧ್ಯಕ್ಷರು ಭೇಷ್ ಎಂದರು. ಅವಳು ಅವರನ್ನು ನೋಡಲಿಲ್ಲ, ಕಲಿಸಿದವನನ್ನು ನೋಡಿ ನಕ್ಕಳು. ಅವಳ ಬದುಕಿನ ಮೊದಲ ಸಹಿ ಅದು. ಹಾಜರಿ ಪುಸ್ತಕದಲ್ಲಿ ಸಹಿ ಮಾಡುವ ದಿನ ಅವಳಿಗೆ ಬರಲೇ ಇಲ್ಲ.

ಪಟ್ಟಿಯಿಂದ ಹೆಸರು ಹೋಯಿತು. ಮುಂದಿನ ಮುಂಗಾರಿಗೆ ಕೂಲಿಗೂ ಕರೆಯಬಾರದೆಂದು ಆದೇಶವಾಯಿತು. ಜೂನಿನ ಮೊದಲ ದಿನ ಅವಳು ಎಂದಿನಂತೆ ಬುತ್ತಿ ಕಟ್ಟಿಕೊಂಡು ಬಂದಳಂತೆ. ಕಾವಲುಗಾರ ಗೇಟಿನಲ್ಲೇ ತಡೆದು, ಹಾಳೆಯಲ್ಲಿ ಏನು ಬರೆದಿತ್ತೆಂಬುದನ್ನು ಅವಳಿಗೆ ಪೂರ್ತಿ ಹೇಳಿದನಂತೆ. ಸಂಜೆಯವರೆಗೆ ಗೇಟಿನ ಹೊರಗೆ ಕುಳಿತಿದ್ದು ಎದ್ದು ಹೋದಳಂತೆ. ನಾನು ಅಂದು ಹಿಂದಿನ ಬಾಗಿಲಿನಿಂದ ಒಳಗೆ ಹೋಗಿದ್ದೆ.

ಸಾಹೇಬರ ತಳಿ ಬಿಡುಗಡೆಯಾಗಲಿಲ್ಲ, ಆದರೆ ಸಾಹೇಬರು ಬಡ್ತಿ ಪಡೆದು ಹೋದರು. ವಿಚಾರಣೆಯಿಂದ ನೀತಿಯೂ ಸುಧಾರಿಸಿತು. ಕೂಲಿಕಾರರು ಪ್ರಯೋಗದ ಗಿಡಗಳನ್ನು ಮುಟ್ಟತಕ್ಕದ್ದಲ್ಲ ಎಂದು ಹೊಲದ ನಾಲ್ಕು ಮೂಲೆಗೆ ಫಲಕ ನೆಟ್ಟೆವು. ಓದಲು ಬರುವ ಕೂಲಿಯವರು ಇರಲಿಲ್ಲ. ನಾಲ್ಕು ಅಕ್ಷರ ಬರುತ್ತಿದ್ದವಳನ್ನು ಹೊರಗೆ ಹಾಕಿದ್ದೆವು. ನನಗೆ ಡಾಕ್ಟರೇಟ್ ಬಂತು. ಅಪ್ಪ ಅಂಗಡಿಯಲ್ಲಿ ಪೇಡಾ ಹಂಚಿದ.

ಏಳು ವರ್ಷದ ಮೇಲೆ ನಿಯಮ ತಿದ್ದುವ ಆ ಸಮಿತಿ ಬಂತು. ಆರೋಪ ಹೊತ್ತವನು ವಿಚಾರಣೆಯ ಹತ್ತಿರ ಸುಳಿಯಬಾರದು, ಮೂಲ ಪುಸ್ತಕ ಇಬ್ಬರ ವಶದಲ್ಲಿರಬೇಕು, ದೂರು ಕೊಟ್ಟವರಿಗೆ ರಕ್ಷಣೆ ಇರಬೇಕು. ನಾನು ಬರೆದದ್ದನ್ನು ಎಲ್ಲರೂ ಮೆಚ್ಚಿದರು. ಎಲ್ಲಿ ತೂತಿರುತ್ತದೆ ಎಂದು ನನ್ನಷ್ಟು ಗೊತ್ತಿದ್ದವರು ಯಾರಿದ್ದರು? ಸಮಿತಿಯಲ್ಲಿ ರೇಣುಕಾ ಎಂಬ ತರುಣ ವಿಜ್ಞಾನಿ ಇದ್ದಳು. ಅವಳೊಬ್ಬಳು ಒಂದು ಪ್ರಶ್ನೆ ಎತ್ತಿದಳು. “ಸರ್, ರಕ್ಷಣೆ ಸಂಶೋಧಕರಿಗೆ, ವಿದ್ಯಾರ್ಥಿಗಳಿಗೆ ಅಂತ ಬರದೀರಿ. ಹೊಲದಾಗ ದುಡಿಯೋರಿಗೆ? ತಪ್ಪು ಅವರ ಮ್ಯಾಲ ಹಾಕಿದ್ರ?”

“ಅವರು ಸಂಶೋಧಕರ ವ್ಯಾಖ್ಯೆಯೊಳಗ ಬರೂದಿಲ್ಲಮ್ಮ,” ಎಂದು ಮುಂದಿನ ಪುಟ ತಿರುಗಿಸಿದೆ. ಅವಳು ಬಿಡಲಿಲ್ಲ. ಅಂಥದ್ದು ಎಲ್ಲಾದರೂ ನಡೆದ ಉದಾಹರಣೆ ಇದ್ದರೆ ಸೇರಿಸೋಣ ಎಂದು ಈ ಸಮಿತಿಯ ಅಧ್ಯಕ್ಷರು ಹೇಳಿದರು. ಉದಾಹರಣೆ ಯಾರಲ್ಲೂ ಇರಲಿಲ್ಲ.

ಕೊನೆಯ ಸಭೆಗೆ ಅವಳೂ ನಾನೂ ಒಂದೇ ಜೀಪಿನಲ್ಲಿ ಹೊರಟಿದ್ದೆವು. ಹುಮನಾಬಾದಿನಲ್ಲಿ ಜೀಪು ಪಂಕ್ಚರ್ ಆಯಿತು. ಡ್ರೈವರ್ ಗಾಲಿ ಬಿಚ್ಚುತ್ತಿದ್ದ, ನಾವು ಬಸ್ ನಿಲ್ದಾಣದ ಚಹಾದಂಗಡಿಯ ಮುಂದೆ ನಿಂತಿದ್ದೆವು. ಕರಡಿನ ಫೈಲು ರೇಣುಕಾಳ ಕೈಯಲ್ಲಿತ್ತು.

“ಸಣ್ಣ ಸಾಹೇಬ್ರ ಅಲ್ಲೇನ್ರಿ?”

ಎದುರಿಗೆ ಕಾಶಿಬಾಯಿ. ನಿರ್ಣಾದ ಬಸ್ಸಿಗೆ ಕಾಯುತ್ತಿದ್ದಳು. ತಲೆ ಪೂರ್ತಿ ಹಣ್ಣಾಗಿತ್ತು, ಒಂದು ಕಣ್ಣಿಗೆ ಪೊರೆ ಬಂದಿತ್ತು. ನಾನು ದಪ್ಪ ಆಗಿದ್ದೇನೆ ಎಂದಳು, ಮದುವೆ ಆಯಿತೇ, ಮಕ್ಕಳೆಷ್ಟು ಎಂದು ಕೇಳಿದಳು. ಯಾರು ಸರ್ ಇವರು ಎಂದು ರೇಣುಕಾ ಕುತೂಹಲದಿಂದ ಹತ್ತಿರ ಬಂದಳು. ಮೊದಲು ನಮ್ಮ ಹೊಲದಲ್ಲಿ ಕೂಲಿಗಿದ್ದವಳು ಎಂದೆ.

“ಒಂದು ಮಾತು ಕೇಳೂದದ್ರಿ,” ಎಂದು ಕಾಶಿಬಾಯಿ ದನಿ ತಗ್ಗಿಸಿದಳು. “ಇಷ್ಟು ವರ್ಷ ಕೇಳಬೇಕು ಅಂತಿದ್ನಿ, ನೀವು ಸಿಗಲಿಲ್ಲ. ಮುಡಬಿ ಮಂದಿ ಹೊಲ ಒಣಗಿದ್ದು ನನ್ನಿಂದ ಅಂತ ಊರಾಗ ಅಂತಾರ. ನಾ ಕಿತ್ತಿದ್ದಕ್ಕ ನಿಮಗ ರೋಗ ತಿಳೀಲಿಲ್ಲಂತ, ಅದಕ್ಕ ಆ ಬೀಜ ಅವರಿಗಿ ಹೋಯ್ತಂತ. ನಾ ನಿಮಗ ಹೇಳಿದ್ನಲ್ರಿ? ಕಟ್ಟು ತೋರಿಸಿದ್ನಲ್ರಿ? ನನಗ ಹಾಂಗ ನೆನಪದ. ಮಂದಿ ಮಾತು ಕೇಳಿ ಕೇಳಿ ಈಗ ನನಗೇ ಖಾತ್ರಿ ಇಲ್ದಂಗ ಆಗ್ಯಾದ. ನೀವು ಓದಿದವರು. ಖರೇ ಹೇಳ್ರಿ. ತೋರಿಸಿದ್ನೋ ಇಲ್ಲೋ?”

ರೇಣುಕಾ ಫೈಲನ್ನು ಎದೆಗೆ ಅವಚಿಕೊಂಡು ನನ್ನ ಮುಖವನ್ನೇ ನೋಡುತ್ತಿದ್ದಳು. ಹೌದು ಎಂಬ ಒಂದು ಮಾತು ಸಾಕಿತ್ತು.

“ಇಲ್ಲವ್ವ,” ಎಂದೆ. “ತೋರಿಸಿರಲಿಲ್ಲ.”

ಅವಳು ಸ್ವಲ್ಪ ಹೊತ್ತು ತನ್ನ ಎರಡೂ ಅಂಗೈ ನೋಡಿಕೊಂಡಳು. ಆಮೇಲೆ ತಲೆಯಾಡಿಸಿದಳು.

“ಹಂಗಾರ ತಪ್ಪು ನಂದ ಬಿಡ್ರಿ. ನಾ ನೋಡ್ರಿ, ದಿನಾ ರೊಟ್ಟಿ ಬಡಿಯೋವಾಗ ನಿಮ್ಮ ಹೆಸರು ತಗೊಂಡು ಬಡೀತಿದ್ನಿ. ನಿಮ್ಮ ಮನಿ ಹಾಳಾಗಲಿ ಅಂತಿದ್ನಿ. ತಪ್ಪಾತ್ರಿ ಸಾಹೇಬ್ರ, ಹೊಟ್ಟಿಯೊಳಗ ಹಾಕೋರಿ.”

ಹೀಗೆಂದು ಬಗ್ಗಿ, ಅಷ್ಟು ಜನರ ನಡುವೆ ನನ್ನ ಬೂಟಿನ ಮೇಲೆ ಎರಡೂ ಕೈ ಇಟ್ಟಳು. ನಾನು ಕಾಲು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. “ಇರಲಿ ಬಿಡವ್ವ, ಆಗಿದ್ದು ಆತು” ಎಂದು ಅವಳನ್ನು ಕ್ಷಮಿಸಿದೆ.